ಬೇರು ನೋಡಿ ಕುರ್ಪಿ ಹಿಡಿ

ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಹಿತ್ತಿಲಿನ ಬದನೆ, ಮೆಣಸಿನ ಪಾತಿಗಳಲ್ಲಿ ನಾವು ಬಿತ್ತದೇ ಇದ್ದದ್ದೇ ಮೊದಲು ಎದ್ದು ನಿಲ್ಲುತ್ತದೆ. ಆಗ ಕೈಗೆ ಸಿಕ್ಕಿದ್ದನ್ನು ಹಿಡಿದು ಹೊರಡುವವರೇ ಹೆಚ್ಚು. ಕೆಲವರು ಗುದ್ದಲಿಯಿಂದ ಪಾತಿಯನ್ನೇ ಅಗೆದುಹಾಕುತ್ತಾರೆ. ಕೆಲವರು ಬರಿಗೈಯಲ್ಲಿ ಎಳೆದು, ತಲೆ ಕಿತ್ತು ಬೇರು ಉಳಿಸುತ್ತಾರೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂಬ ಗಾದೆ ನಿಜ. ಆದರೆ ಜೇಕಿನ ಗಡ್ಡೆ ಉಗುರಿಗೆ ಬಗ್ಗುವುದಿಲ್ಲ ಎಂಬುದೂ ಅಷ್ಟೇ ನಿಜ. ಕಳೆಯ ಬೇರು ಎಂಥದು ಎಂದು ನೋಡಿ ಸಲಕರಣೆ ಆರಿಸಿಕೊಂಡರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕುಲುಮೆಯಿಂದ ಸಂತೆಗೆ

ಕೈತೋಟಕ್ಕೆ ಮೊದಲು ಬೇಕಾದದ್ದು ಕುರ್ಪಿ. ಉತ್ತರ ಕರ್ನಾಟಕದ ಹೊಲಗಳಲ್ಲಿ ಇದೇ ಕೆಲಸಕ್ಕೆ ಕುರ್ಚಿಗಿ ಹಿಡಿಯುತ್ತಾರೆ. ವಾರದ ಸಂತೆಗಳಲ್ಲಿ ಕುಡುಗೋಲು, ಮಚ್ಚುಗಳ ಪಕ್ಕದಲ್ಲಿ ಗೋಣಿಚೀಲದ ಮೇಲೆ ಇವನ್ನು ಹರಡಿಕೊಂಡು ಕೂತವರು ಬಹುಮಟ್ಟಿಗೆ ಮಾಡಿದವರೇ ಆಗಿರುತ್ತಾರೆ.

ಒಳ್ಳೆಯ ಕುರ್ಪಿ ಹುಟ್ಟುವುದು ಲಾರಿಯ ಹಳೆಯ ಕಮಾನು ಪಟ್ಟಿಯಿಂದ. ವರ್ಷಗಟ್ಟಲೆ ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗುತ್ತಿದ್ದ ಉಕ್ಕು ಅದು. ಇಂಗಾಲದ ಅಂಶ ಹೆಚ್ಚಿರುವುದರಿಂದ ಹದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕಮ್ಮಾರರು ಅದನ್ನು ಕೆಂಪಗೆ ಕಾಸಿ, ಅಡಿಗಲ್ಲಿನ ಮೇಲೆ ಬಡಿದು ಅಂಚನ್ನು ತೆಳುವಾಗಿಸುತ್ತಾರೆ. ಆಮೇಲಿನದು ನಾಜೂಕಿನ ಕೆಲಸ. ಕಾದ ಅಲಗಿನ ಅಂಚನ್ನಷ್ಟೇ ನೀರಿಗೆ ಅದ್ದಿ ತೆಗೆಯುತ್ತಾರೆ. ತಟ್ಟನೆ ತಣಿದ ಅಂಚು ಗಡಸಾಗಿರುತ್ತದೆ, ಆದರೆ ಗಾಜಿನಂತೆ ಸಿಡಿಯುವ ಸ್ವಭಾವ ಅದರದು. ಅಂಚನ್ನು ಕಲ್ಲಿಗೆ ಉಜ್ಜಿ ಬೆಳ್ಳಗಾಗಿಸಿ ಕಾಯುತ್ತಾರೆ. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಅಂಚಿನ ಕಡೆ ಹರಿಯುತ್ತಾ ಬರುವಾಗ ಒಣಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಬಣ್ಣಗಳು ಒಂದರ ಹಿಂದೊಂದು ಮೂಡುತ್ತವೆ. ನೀಲಿ ತಿರುಗುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಹೊತ್ತಿಗೆ ಪೂರ್ತಿ ತಣಿಸಿದ ಅಲಗು ಕಲ್ಲಿಗೆ ತಗುಲಿದರೂ ಸುಲಭಕ್ಕೆ ಹಲ್ಲು ಬೀಳುವುದಿಲ್ಲ, ಬೇಗ ಮೊಂಡಾಗುವುದೂ ಇಲ್ಲ. ಉಷ್ಣಮಾಪಕವಿಲ್ಲದೆ ಬರಿಗಣ್ಣಿನಲ್ಲಿ ಇದನ್ನು ಹಿಡಿಯುವುದು ದೊಡ್ಡ ವಿದ್ಯೆ. ತೆಳು ತಗಡು ಕತ್ತರಿಸಿ ಬಣ್ಣ ಬಳಿದ ಅಂಗಡಿಯ ಸಾಮಾನಿಗೆ ಈ ಸಂಸ್ಕಾರ ಇರುವುದಿಲ್ಲ.

ಯಾವ ಕಳೆಗೆ ಯಾವುದು

ಈಗಷ್ಟೇ ಎರಡೆಲೆ ಬಿಟ್ಟ ಸಸಿಗಳಿಗೆ ಅಗೆತ ಬೇಡ. ಅಗಲ ಬಾಯಿಯ ಕುರ್ಪಿಯನ್ನು ನೆಲಕ್ಕೆ ಹೆಚ್ಚು ಕಡಿಮೆ ಸಮನಾಗಿ ಹಿಡಿದು ಮೇಲ್ಮಣ್ಣನ್ನು ಕೆರೆದರೆ ಸಾಕು. ಬಿಸಿಲೇರುವ ಮುಂಚೆ ಕೆರೆದರೆ ಸಂಜೆಯೊಳಗೆ ಬಾಡುತ್ತವೆ. ಆಳಕ್ಕೆ ಕೆದಕಿದರೆ ಕೆಳಗೆ ಸುಮ್ಮನೆ ಬಿದ್ದಿದ್ದ ಬೀಜಗಳು ಮೇಲೆ ಬಂದು, ಬೆಳಕು ಕಂಡು ಮೊಳೆಯುತ್ತವೆ. ಮುಂದಿನ ವಾರದ ಕೆಲಸವನ್ನು ನಾವೇ ಬಿತ್ತಿಕೊಂಡಂತೆ.

ಕಾಂಗ್ರೆಸ್ ಗಿಡದ್ದು ತಾಯಿಬೇರು. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು ದೇಶವನ್ನೆಲ್ಲ ಹಬ್ಬಿದ ಈ ಪಾರ್ಥೇನಿಯಂನ ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಹೂ ಬಿಡುವ ಮೊದಲೇ, ಕೈಗವಸು ತೊಟ್ಟು, ಕಿರಿದಾದ ಉದ್ದ ಅಲಗನ್ನು ಬುಡದ ಪಕ್ಕ ಇಳಿಸಿ ಬೇರುಸಹಿತ ಮೀಟಬೇಕು. ಬುಡದ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಜೇಕು ಎಲ್ಲಕ್ಕಿಂತ ಹಟಮಾರಿ. ನೆಲದೊಳಗೆ ಗಡ್ಡೆಯಿಂದ ಗಡ್ಡೆಗೆ ಸರಪಳಿ ಕಟ್ಟಿಕೊಂಡು ಬೆಳೆಯುತ್ತದೆ. ಹರಿತ ಅಲಗಿನಿಂದ ಸರಪಳಿ ತುಂಡಾದರೆ ಅಲ್ಲಿಯವರೆಗೆ ಮಲಗಿದ್ದ ಗಡ್ಡೆಗಳೂ ಎದ್ದು ಚಿಗುರುತ್ತವೆ. ಅದಕ್ಕೆ ಮೂರು ಹಲ್ಲಿನ ಕೈಮುಳ್ಳೇ ಸರಿ: ಮಣ್ಣನ್ನು ಸಡಿಲಿಸಿ, ಗಡ್ಡೆಗಳನ್ನು ಒಂದೊಂದಾಗಿ ಆರಿಸಿ ತೆಗೆಯಬೇಕು. ಗಣ್ಣುಗಣ್ಣಿಗೂ ಬೇರು ಬಿಡುವ ಗರಿಕೆಗೂ ಇದೇ ಉಪಾಯ.

ಗೋಣಿಸೊಪ್ಪು, ಅಣ್ಣೆಸೊಪ್ಪುಗಳಿಗೆ ಮಾತ್ರ ಮೊನಚು ಕುರ್ಪಿ ಹಿಡಿದು ನಿಧಾನವಾಗಿ ಕೂರಬೇಕು. ಅವು ತಿಪ್ಪೆಗೆ ಹೋಗುವಂಥವಲ್ಲ, ಬೆರಕೆ ಸೊಪ್ಪಿನ ಸಾರಿಗೆ ಬೇಕಾದಂಥವು.

ಕೊಳ್ಳುವಾಗ

ಅಲಗಿನ ತುದಿಯನ್ನು ನೆಲಕ್ಕೆ ಊರಿ ಒತ್ತಿ ನೋಡಿ. ಬಾಗಿ ಹಾಗೇ ಉಳಿದರೆ ಬಿಟ್ಟುಬಿಡಿ. ಅಂಚಿನ ಮೇಲೆ ಅರ ಆಡಿಸಿದಾಗ ಬೆಣ್ಣೆ ತೆಗೆದಷ್ಟು ಸಲೀಸಾಗಿ ಉಕ್ಕು ಎದ್ದರೆ ಅದಕ್ಕೆ ಹದ ಕೂತಿಲ್ಲ. ಹಿಡಿಯ ಹಿಂಬದಿ ನೋಡಿ: ಅಲಗಿನ ಬಾಲ ಹಿಡಿಯನ್ನು ತೂರಿ ಆಚೆ ಬಂದು ಮಡಚಿಕೊಂಡಿದ್ದರೆ ಗಟ್ಟಿ, ಅರ್ಧಕ್ಕೇ ನಿಂತಿದ್ದರೆ ಒಂದು ಮಳೆಗಾಲದಲ್ಲಿ ಸಡಿಲವಾಗುತ್ತದೆ. ಕುತ್ತಿಗೆಯಲ್ಲಿ ಕಬ್ಬಿಣದ ಬಳೆ ಇರಲಿ. ಹಿಡಿ ಜಾಲಿಯದಾದರೆ ಬಹಳ ಕಾಲ ಬಾಳುತ್ತದೆ.

ಬಹಳ ಮಂದಿ ಮರೆಯುವುದು ಕೈಯ ಅಳತೆಯನ್ನು. ನಮ್ಮ ಹೊಲಗಳಲ್ಲಿ ಕಳೆ ತೆಗೆಯುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಸಲಕರಣೆ ಕೊಂಡು ತರುವವರು ಹೆಚ್ಚಾಗಿ ಗಂಡಸರು. ತಂದವರ ಅಂಗೈಗೆ ಒಪ್ಪಿದ ದಪ್ಪ ಹಿಡಿ, ದಿನವಿಡೀ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುವವರ ಮಣಿಕಟ್ಟನ್ನು ನೋಯಿಸುತ್ತದೆ. ಹಿಡಿ ಸುತ್ತಿದ ಬೆರಳುಗಳ ತುದಿ ಹೆಬ್ಬೆರಳನ್ನು ಮುಟ್ಟುವಂತಿರಬೇಕು. ಮಂಡಿ, ಸೊಂಟ ನೋಯುವವರಿಗೆ ಉದ್ದ ಕಾವಿನ ಕಳೆಗುದ್ದಲಿಯೇ ಮೇಲು. ಕಾವು ಭುಜದ ಎತ್ತರಕ್ಕಿದ್ದರೆ ಬೆನ್ನು ಬಗ್ಗಿಸಬೇಕಿಲ್ಲ. ಸಾಲು ಹಿಡಿದು ಬಿತ್ತಿದ ತರಕಾರಿ, ರಾಗಿ, ಶೇಂಗಾ ಇದ್ದರೆ ಸೈಕಲ್ ಚಕ್ರಕ್ಕೆ ಅಲಗು ಜೋಡಿಸಿದ ಸೈಕಲ್ ಎಡೆಕುಂಟೆಯನ್ನು ನಿಂತೇ ತಳ್ಳಿಕೊಂಡು ಹೋಗಬಹುದು. ಬೆಂಗಳೂರು, ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ಕೃಷಿಮೇಳಗಳಿಗೆ ಹೋದರೆ ಇಂಥ ಸಲಕರಣೆಗಳನ್ನು ಮುಟ್ಟಿ ನೋಡಿ ಕೊಳ್ಳಬಹುದು.

ಕೊಂಡ ಮೇಲೆ ಉಪಚಾರ ಸುಲಭ. ಕೆಲಸ ಮುಗಿದೊಡನೆ ಮಣ್ಣು ಒರೆಸಿ, ಅಲಗಿಗೆ ಒಂದು ಹನಿ ಎಣ್ಣೆ ಸವರಿ. ಅಂಚನ್ನು ಒಂದೇ ಮಗ್ಗುಲಿಗೆ ಅರದಿಂದ ಮಸೆಯಿರಿ. ಹರಿತ ಕುರ್ಪಿಗೆ ಅರ್ಧ ಬಲ ಸಾಕು. ಎರೆ ಮಣ್ಣಾದರೆ ಮಳೆ ಬಿದ್ದ ಮರುದಿನವೇ ಇಳಿಯಬೇಡಿ, ಅಲಗಿಗೆಲ್ಲ ಮೆತ್ತಿಕೊಳ್ಳುತ್ತದೆ. ಒಣಗಿ ಬಿರುಸಾದ ಕೆಂಪು ಮಣ್ಣಾದರೆ ಹಿಂದಿನ ಸಂಜೆ ನೀರು ಚಿಮುಕಿಸಿ.

ನಿಮ್ಮ ಊರಿನಲ್ಲಿ ಇನ್ನೂ ಕುಲುಮೆ ಉರಿಯುತ್ತಿದ್ದರೆ, ತೋಟದಲ್ಲಿ ನಿಜವಾಗಿ ಕೆಲಸ ಮಾಡುವವರನ್ನೇ ಅಲ್ಲಿಗೆ ಕರೆದುಕೊಂಡು ಹೋಗಿ. ನಿಮ್ಮ ಮಣ್ಣು ಯಾವುದು, ಕಾಡುವ ಕಳೆ ಯಾವುದು ಎಂದು ಹೇಳಿ, ಕೈಯ ಅಳತೆ ಕೊಟ್ಟು ಮಾಡಿಸಿಕೊಳ್ಳಿ. ಮೊಂಡಾದಾಗ ಮತ್ತೆ ಕಾಸಿ ತಟ್ಟಿಕೊಡುವ ಕೈ ಹತ್ತಿರದಲ್ಲೇ ಇರುವುದು ಯಾವ ಅಂಗಡಿಯೂ ಕೊಡಲಾರದ ಅನುಕೂಲ. ಗಿರಾಕಿಗಳು ಬರುತ್ತಿದ್ದರೆ ಮಾತ್ರ ಆ ಕುಲುಮೆ ಉಳಿಯುತ್ತದೆ.