ಮಾಗಿಯ ಸವಿ ಮತ್ತು ಮಿತಾಹಾರ

ಸೂರತ್ ನಗರದ ಕತಾರ್‌ಗಾಮ್ ಇಂದು ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಗಳಿಂದಲೂ ಒತ್ತೊತ್ತಾದ ವಸತಿಗಳಿಂದಲೂ ತುಂಬಿದ ಬಡಾವಣೆ. ಆದರೆ ತರಕಾರಿ ಮಾರುಕಟ್ಟೆಯಲ್ಲಿ ಈ ಹೆಸರಿಗೆ ಬೇರೊಂದು ಅರ್ಥವುಂಟು. ಮಾಗಿಯ ಮುಂಜಾವಿನಲ್ಲಿ ತಳ್ಳುಗಾಡಿಯವನು ‘ಕತಾರ್‌ಗಾಮಿನ ಪಾಪಡಿ’ ಎಂದು ಕೂಗಿದರೆ ಗೃಹಿಣಿಯರು ಬೆಲೆ ಕೇಳುವ ಮೊದಲೇ ಚೀಲ ಹಿಡಿದು ಇಳಿದು ಬರುತ್ತಾರೆ. ಹೊಲಗಳಿದ್ದಲ್ಲಿ ಮನೆಗಳೆದ್ದಿವೆ, ಪಾಪಡಿ ಈಗ ಹೆಚ್ಚಾಗಿ ಸುತ್ತಲಿನ ಹಳ್ಳಿಗಳಿಂದ ಬರುತ್ತದೆ, ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಈ ಪಾಪಡಿ ಕನ್ನಡಿಗರಿಗೆ ಅಪರಿಚಿತವಲ್ಲ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದೂ ನಮ್ಮ ಅವರೆಯೂ ಒಂದೇ ಜಾತಿ. ಮೈಸೂರು ಸೀಮೆಯವರು ಕಾಳು ಬಲಿಯುವವರೆಗೆ ಕಾದು, ಸಿಪ್ಪೆ ಸುಲಿದು, ನೆನೆಸಿ ಹಿದುಕುತ್ತಾರೆ. ಸೂರತ್ತಿನವರು ಎಳೆಯ ಕಾಯನ್ನು ಸಿಪ್ಪೆಯ ಸಮೇತ ಬೇಯಿಸುತ್ತಾರೆ. ಮಂಜು ಬಿದ್ದ ಮೇಲೆ ಅವರೆಗೆ ಏರುವ ‘ಸೊಗಡು’ ಎಂಬ ಮಾತಿಗೆ ಗುಜರಾತಿಯಲ್ಲಿ ಸರಿಯಾದ ಪದ ದೊರೆಯುವುದು ಕಷ್ಟ. ಆದರೆ ಪಾಪಡಿಯನ್ನು ಬೆರಳಿನಿಂದ ಮುರಿದು ಮೂಸಿನೋಡುವ ಅಲ್ಲಿನ ಅಜ್ಜಿಯರು ಹುಡುಕುವುದೂ ಅದನ್ನೇ.

ಉತ್ತರ ಕರ್ನಾಟಕದವರಿಗೆ ಇನ್ನೂ ಹತ್ತಿರದ ನಂಟು ಪೊಂಕ್. ಹಾಲುಗಾಳು ತುಂಬಿದ ಹಸಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು ಬಿಡಿಸಿದ ಹಸಿರು ಕಾಳೇ ಪೊಂಕ್. ವಿಜಯಪುರ, ಬಾಗಲಕೋಟೆ, ಧಾರವಾಡಗಳ ಎರೆಹೊಲಗಳಲ್ಲಿ ಇದನ್ನೇ ‘ಸೀತನಿ’ ಎನ್ನುತ್ತಾರೆ. ಅಲ್ಲಿ ಹೊಲದ ಬದುವಿನ ಮೇಲೆ ಕುಳಿತು, ಅಂಗೈಯಲ್ಲಿ ತಿಕ್ಕಿ ಊದಿ, ಬೆಲ್ಲದೊಡನೆಯೋ ಶೇಂಗಾ ಚಟ್ನಿಯೊಡನೆಯೋ ತಿನ್ನುವ ಪದಾರ್ಥ, ಇಲ್ಲಿ ತಾಪಿ ನದಿಯ ಆಸುಪಾಸಿನ ಅಂಗಡಿಗಳಲ್ಲಿ ತೂಕದ ಮೇಲೆ ಮಾರಾಟವಾಗುತ್ತದೆ. ಜೊತೆಗೆ ನಿಂಬೆ-ಮೆಣಸಿನ ಸೇವ್, ಸಕ್ಕರೆಯ ಸಣ್ಣ ಗುಳಿಗೆ, ಒಂದು ಲೋಟ ಮಜ್ಜಿಗೆ. ಊರು ಬಿಟ್ಟು ಬಂದ ವೃದ್ಧರೊಬ್ಬರ ಬಾಯಿಗೆ ಮೊದಲ ಹಿಡಿ ಪೊಂಕ್ ಬಿದ್ದಾಗ ಅವರಿಗೆ ನೆನಪಾಗುವುದು ಸೂರತ್ ಅಲ್ಲ.

ಇಂಥ ಸವಿಗಳನ್ನು ಬಿಡಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಜೋಳವನ್ನಂತೂ ಹೊಗಳಬೇಕಾದುದೇ. ಒಣಜೋಳದ 100 ಗ್ರಾಂನಲ್ಲಿ ಸುಮಾರು 10 ಗ್ರಾಂ ಸಸಾರಜನಕ, ಸುಮಾರು 10 ಗ್ರಾಂ ನಾರು ಇದೆ. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ಆ ಗೌರವದಲ್ಲಿ ಜೋಳಕ್ಕೂ ಪಾಲಿತ್ತು. ಎಳೆಗಾಳಿನಲ್ಲಿ ನೀರಿನಂಶ ಹೆಚ್ಚು. ಸಕ್ಕರೆ ಇನ್ನೂ ಪೂರ್ಣವಾಗಿ ಪಿಷ್ಟವಾಗಿರುವುದಿಲ್ಲ, ಅದರ ಸಿಹಿಗೆ ಇದೇ ಕಾರಣ. ತೊಂದರೆ ಇರುವುದು ಪೊಂಕ್‌ನಲ್ಲಿ ಅಲ್ಲ, ಅದರ ಸಂಗಡಿಗರಲ್ಲಿ. ಹಿಡಿ ಕಾಳಿಗೆ ಎರಡು ಹಿಡಿ ಕರಿದ ಸೇವ್ ಸುರಿದುಕೊಂಡರೆ ತಿಂದದ್ದು ಜೋಳವೆಂದು ಹೇಳಿಕೊಳ್ಳುವುದು ಆತ್ಮವಂಚನೆಯಾದೀತು. ನಿಂಬೆರಸ, ಹಸಿಮೆಣಸು, ಚಿಟಿಕೆ ಉಪ್ಪು ಇಷ್ಟರಿಂದಲೇ ಅದು ರುಚಿಕರ.

ಉಂಧಿಯು ವಿಷಯದಲ್ಲಿ ಕೊಂಚ ವಿವರವಾಗಿ ಲೆಕ್ಕ ಹಾಕಬೇಕು. ಪಾಪಡಿ, ನೇರಳೆ ಬಣ್ಣದ ಕಂದ, ಗೆಣಸು, ಆಲೂಗಡ್ಡೆ, ಎಳೆ ಬದನೆ, ಹಸಿ ಬೆಳ್ಳುಳ್ಳಿಯ ಸೊಪ್ಪು, ಕೊತ್ತಂಬರಿ, ತೆಂಗಿನ ತುರಿ, ಮೆಂತ್ಯಸೊಪ್ಪಿನ ಕರಿದ ಮುಠಿಯಾ, ಇವೆಲ್ಲ ಸೇರಿದ ಈ ಪಲ್ಯದ ಪಟ್ಟಿಯನ್ನು ಓದಿದರೆ ಯಾವ ವೈದ್ಯನೂ ಆಕ್ಷೇಪಿಸಲಾರ. ಆಕ್ಷೇಪ ಬರುವುದು ಪಾತ್ರೆಯ ತಳದಲ್ಲಿ ನಿಂತ ಎಣ್ಣೆಯನ್ನು ಕಂಡಾಗ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ. ಅಂಥ ಎರಡು ಚಮಚವನ್ನು ಕರಗಿಸಲು ಸಾಧಾರಣ ಮೈಕಟ್ಟಿನವರು ಸುಮಾರು ಒಂದು ಗಂಟೆ ನಡೆಯಬೇಕಾದೀತು. ಪೂರಿ ಮತ್ತು ಜಲೇಬಿಗಳ ಲೆಕ್ಕ ಬೇರೆ. ಕಂದ, ಗೆಣಸು, ಆಲೂಗಡ್ಡೆ ಮೂರೂ ಪಿಷ್ಟವೇ ಆದ್ದರಿಂದ, ಉಂಧಿಯು ಉಣ್ಣುವ ದಿನ ಪೂರಿಯೂ ಅನ್ನವೂ ಅರ್ಧವಾಗಬೇಕೆಂಬುದು ಸರಳ ಜಮಾ-ಖರ್ಚು. ಮುಠಿಯಾವನ್ನು ಕರಿಯದೆ ಹಬೆಯಲ್ಲಿ ಬೇಯಿಸಿ ಹಾಕುವ ಮನೆಗಳೂ ಉಂಟು. ರುಚಿಯಲ್ಲಿ ಸ್ವಲ್ಪ ವ್ಯತ್ಯಾಸವಾಗುವುದನ್ನು ಅಲ್ಲಗಳೆಯುವಂತಿಲ್ಲ.

ಪಾಪಡಿ ತಿಂದ ಮೇಲೆ ಹೊಟ್ಟೆ ಉಬ್ಬರಿಸುವುದೇಕೆಂದು ಹಲವರು ಕೇಳುತ್ತಾರೆ. ಅವರೆಯ ಕುಲದ ಕಾಳುಗಳಲ್ಲಿರುವ ಕೆಲವು ಶರ್ಕರಗಳನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣಕರುಳಿನಲ್ಲಿಲ್ಲ. ಅವು ಜೀರ್ಣವಾಗದೆ ದೊಡ್ಡಕರುಳಿಗೆ ಇಳಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿ ವಾಯುವನ್ನುಂಟುಮಾಡುತ್ತವೆ. ಗುಜರಾತಿನವರು ಪಾಪಡಿಗೆ ಓಮವನ್ನು ಹಾಕುವುದೂ, ನಮ್ಮವರು ಅವರೆಗೆ ಇಂಗು ಹಾಕುವುದೂ ಇದೇ ಅನುಭವದ ಫಲ. ಬಲಿತ ಕಾಳನ್ನು ಮಾತ್ರ ಹಸಿಯಾಗಿ ತಿನ್ನದೆ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಸಂಕ್ರಾಂತಿಯ ಎಳ್ಳುಬೆಲ್ಲದ ಬಗ್ಗೆ ಒಂದು ಭ್ರಮೆ ಬಲವಾಗಿದೆ. ಸಕ್ಕರೆ ಕೂಡದು, ಬೆಲ್ಲವಾದರೆ ಬಾಧಕವಿಲ್ಲ ಎಂದು ಮಧುಮೇಹಿಗಳು ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳುತ್ತಾರೆ. ಬೆಲ್ಲದಲ್ಲಿ ಅಲ್ಪ ಖನಿಜಾಂಶ ಇದ್ದರೂ ಅದರ ಬಹುಭಾಗ ಸಕ್ಕರೆಯೇ. ರಕ್ತದಲ್ಲಿ ಅದು ಮಾಡುವ ಕೆಲಸವೂ ಅದೇ. ಎಳ್ಳಿನ ಅರ್ಧದಷ್ಟು ತೂಕ ಎಣ್ಣೆ. ಬೀರಲು ಬಂದ ಮಕ್ಕಳ ಕೈಯಿಂದ ಒಂದು ಚಮಚ ಸ್ವೀಕರಿಸಿದರೆ ಹಬ್ಬವೂ ಆಯಿತು, ಆರೋಗ್ಯವೂ ಉಳಿಯಿತು. ಟಿ.ವಿ. ಮುಂದೆ ಕುಳಿತು ಚಿಕ್ಕಿಯ ಡಬ್ಬಿ ಬರಿದುಮಾಡುವುದು ಹಬ್ಬವಲ್ಲ.

ಆದರೆ ‘ಒಂದು ಚಮಚ ಸಾಕು’ ಎಂದು ಹೇಳುವುದು ಗುಜರಾತಿನಲ್ಲಿ ಸುಲಭದ ಮಾತಲ್ಲ. ಕನ್ನಡದಲ್ಲಿ ‘ಆಗ್ರಹ’ ಎಂದರೆ ಒತ್ತಾಯದ ಬೇಡಿಕೆ. ಸಭೆಗಳಲ್ಲಿ, ಪತ್ರಿಕೆಗಳಲ್ಲಿ ಮಾತ್ರ ಕೇಳಿಬರುವ ಪದ. ಗುಜರಾತಿಯಲ್ಲಿ ಅದೇ ಪದ ಊಟದ ಪಂಕ್ತಿಗೆ ಬಂದಿದೆ. ಅತಿಥಿಯು ಬೇಡವೆಂದರೂ ಪ್ರೀತಿಯಿಂದ ಮತ್ತೊಮ್ಮೆ ಬಡಿಸುವುದೇ ಅಲ್ಲಿ ಆಗ್ರಹ. ಉತ್ತರಾಯಣದಂದು, ಅಂದರೆ ಜನವರಿ 14ರಂದು, ಗಾಳಿಪಟದ ಮಾಳಿಗೆಯ ಮೇಲೆ ನೆರೆಮನೆಯ ಬೆನ್ ‘ನಮ್ಮ ಮನೆಯದನ್ನು ರುಚಿ ನೋಡಲೇ ಇಲ್ಲವಲ್ಲ’ ಎಂದು ತಟ್ಟೆ ಮುಂದೆ ಹಿಡಿದಾಗ, ಹತ್ತು ವರ್ಷ ನೆರೆಯಲ್ಲಿದ್ದವರು ಬೇಡವೆನ್ನುವುದು ಹೇಗೆ? ಅನುಭವಸ್ಥರು ಕಂಡುಕೊಂಡ ಉಪಾಯವೊಂದಿದೆ. ಮೊದಲ ಸಲ ಪೂರ್ತಿ ಬೇಡವೆನ್ನದೆ ಸ್ವಲ್ಪವೇ ಹಾಕಿಸಿಕೊಂಡು, ಮೆಚ್ಚಿ ನಿಧಾನವಾಗಿ ತಿಂದು, ತಟ್ಟೆ ಬರಿದಾಗುವ ಮೊದಲೇ ಏಳುವುದು. ಬರಿದಾದ ತಟ್ಟೆ ಕಂಡರೆ ಆಗ್ರಹಕ್ಕೆ ಮಿತಿಯಿಲ್ಲ.

ಇನ್ನೊಂದು ತಪ್ಪು ಅತಿಭೋಜನಕ್ಕಿಂತಲೂ ಅಪಾಯಕರ. ನಿನ್ನೆಯ ಅತಿಯನ್ನು ಇಂದಿನ ನಿರಾಹಾರದಿಂದ ತೀರಿಸುವ ಅಭ್ಯಾಸ ಹಲವರಿಗಿದೆ. ಮಾಘ ಬಹುಳ ಚತುರ್ದಶಿಯ ಶಿವರಾತ್ರಿ ಬಂದಾಗ ಇದಕ್ಕೆ ಧರ್ಮದ ಬಲವೂ ಸೇರುತ್ತದೆ. ಆರೋಗ್ಯವಂತರು ಒಂದು ದಿನ ಉಪವಾಸವಿದ್ದರೆ ಸಾಮಾನ್ಯವಾಗಿ ಹಾನಿಯಿಲ್ಲ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಯು ಔಷಧವನ್ನು ಎಂದಿನಂತೆ ಸೇವಿಸಿ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ಎದೆಬಡಿತ, ಮಾತಿನಲ್ಲಿ ಗೊಂದಲ ಇದರ ಸೂಚನೆಗಳು. ಎಚ್ಚರವಿದ್ದರೆ ಕೂಡಲೇ ಮೂರು ಚಹಾಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು; ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಆ ಗಳಿಗೆಯಲ್ಲಿ ವ್ರತಭಂಗದ ಯೋಚನೆ ಸಲ್ಲದು. ಉಪವಾಸ ಮಾಡಲೇಬೇಕೆಂಬವರು ವಾರ ಮೊದಲೇ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಸಾಬೂದಾಣಿ, ಗೆಣಸು, ಆಲೂಗಡ್ಡೆಗಳ ‘ಫಲಾಹಾರ’ವು ಉಪವಾಸವಲ್ಲ, ಪಿಷ್ಟದ ಮತ್ತೊಂದು ಊಟ ಎಂಬುದೂ ನೆನಪಿನಲ್ಲಿರಲಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ಈ ಪುಟವನ್ನು ಓದುವ ಮನೆಗಳಲ್ಲೂ ಅವರಿದ್ದಾರೆ.

ಹಿಂದಿನವರು ನಮಗಿಂತ ಹೆಚ್ಚು ಸಂಯಮಿಗಳಾಗಿದ್ದರೆಂದು ನಂಬಲು ಕಾರಣವಿಲ್ಲ. ಅವರೂ ಮಾಗಿಯಲ್ಲಿ ಹೊಟ್ಟೆತುಂಬ ತಿಂದರು. ಹೇಮಂತ-ಶಿಶಿರಗಳಲ್ಲಿ ಜಠರಾಗ್ನಿ ಪ್ರಬಲವಾಗಿರುವುದರಿಂದ ಜಿಡ್ಡು ಮತ್ತು ಸಿಹಿ ಸಲ್ಲುತ್ತವೆಂದೂ, ವಸಂತದ ಬಿಸಿಲಿಗೆ ಕಫ ಕರಗಿ ಕೆರಳುವುದರಿಂದ ಅವನ್ನು ಬಿಡಬೇಕೆಂದೂ ಚರಕಸಂಹಿತೆಯ ಋತುಚರ್ಯೆ ಹೇಳುತ್ತದೆ. ಅದನ್ನು ಓದದ ರೈತನೂ ಪಾಲಿಸಿದ. ಏಕೆಂದರೆ ಫಾಲ್ಗುಣದ ಹೊತ್ತಿಗೆ ತೆನೆ ಬಲಿತು ಕಲ್ಲಾಗುತ್ತಿತ್ತು, ಪಾಪಡಿಯ ಬಳ್ಳಿ ಒಣಗುತ್ತಿತ್ತು. ಸಾಕೆಂದು ಹೇಳುವ ಕೆಲಸವನ್ನು ಹೊಲವೇ ಮಾಡುತ್ತಿತ್ತು. ಈಗ ಪಾಪಡಿಯೂ ಪೊಂಕೂ ಶೀತಲ ಪೆಟ್ಟಿಗೆಯಲ್ಲಿ ಮೇ ತಿಂಗಳವರೆಗೆ ಹಸಿರಾಗಿಯೇ ಇರುತ್ತವೆ. ಮೇಲಾಗಿ ನಮ್ಮಲ್ಲಿ ಬಹುಮಂದಿಯ ದುಡಿಮೆ ಕುರ್ಚಿಯ ಮೇಲಿನದು. ಸೂರತ್ತಿನ ಚಳಿಯಾದರೂ ಎಷ್ಟು? ಜನವರಿಯ ರಾತ್ರಿಯಲ್ಲೂ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬಿಜಾಪುರದ ಹೊಲದಲ್ಲಿ ಮುಂಜಾವಿನಿಂದ ದುಡಿದವನ ಹಸಿವನ್ನು ಈ ಚಳಿಯ ಹೆಸರಿನಲ್ಲಿ ಎರವಲು ಪಡೆಯುವಂತಿಲ್ಲ.

ಹೋಳಿಯ ವೇಳೆಗೆ ಪೊಂಕ್ ಅಂಗಡಿಗಳು ಕಳಚಿರುತ್ತವೆ. ಆಗ ಬೀದಿಬದಿಯಲ್ಲಿ ಧಾಣಿಯ ರಾಶಿ ಬೀಳುತ್ತದೆ: ಅದೇ ಜೋಳ, ಈಗ ಬಲಿತು ಒಣಗಿ, ಕಾದ ಮರಳಿನಲ್ಲಿ ಒಳಗಿನ ತೇವ ಆವಿಯಾಗಿ ಸಿಡಿದು ಹೂವಿನಂತೆ ಅರಳಿದ್ದು. ಗುಜರಾತಿನವರು ಹುರಿಗಡಲೆ, ಖರ್ಜೂರಗಳೊಡನೆ ಅದನ್ನು ಹೋಳಿಯ ಬೆಂಕಿಗೆ ಅರ್ಪಿಸಿ ತಾವೂ ತಿನ್ನುತ್ತಾರೆ. ಎಣ್ಣೆಯ ಸೋಂಕಿಲ್ಲ, ತೂಕವಿಲ್ಲ. ಒಂದು ದೊಡ್ಡ ಬಟ್ಟಲು ತುಂಬಿದರೂ ಹಗುರ. ನಮ್ಮ ಮನೆಗಳಲ್ಲಿ ಇದಕ್ಕೆ ಅರಳು ಎನ್ನುತ್ತಾರೆ. ಊರಿನಲ್ಲಿ ನಾಗರಪಂಚಮಿಯವರೆಗೆ ಅದಕ್ಕಾಗಿ ಕಾಯಬೇಕು, ಸೂರತ್ತಿನಲ್ಲಿ ಅದು ಐದು ತಿಂಗಳು ಮೊದಲೇ ಬರುತ್ತದೆ.