ಒಂದು ಎಂಜಿನ್ ಕೆಟ್ಟರೆ ವಿಮಾನ ಬಿದ್ದೇ ಬಿಡುತ್ತದೆಯೇ?

ಎಂಜಿನ್‌ನಿಂದ ಬೆಂಕಿ ಕಾರುವ ವಿಡಿಯೊ, ಕೆಳಗೆ ‘ಒಂದು ಎಂಜಿನ್ ಕೆಟ್ಟರೆ ಕಥೆ ಮುಗಿಯಿತು’ ಎಂಬ ಸಾಲು. ಹೊಳೆಆಲೂರಿನಿಂದ ಹುಬ್ಬಳ್ಳಿಗೆ ಹೋಗಿ ಮೊದಲ ಸಲ ವಿಮಾನ ಹತ್ತುವವರಿಗೆ ಇಂಥ ಫಾರ್ವರ್ಡ್ ಬಂದರೆ ಎದೆ ಝಲ್ಲೆನ್ನುತ್ತದೆ. ಇದು ನಿಜವೇ?

ಅಲ್ಲ. 2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಒಂದು ಎಂಜಿನ್‌ನಲ್ಲಿ ಬೆಂಕಿ ಕಾಣಿಸಿತು. ವಿಮಾನ ಬೆಂಗಳೂರಿಗೇ ಮರಳಿ ಇಳಿಯಿತು. 179 ಪ್ರಯಾಣಿಕರು, 6 ಸಿಬ್ಬಂದಿ, ಎಲ್ಲರೂ ಬದುಕಿದರು.

ಇದು ಬರೀ ಅದೃಷ್ಟವಲ್ಲ. ಟೇಕಾಫ್ ವೇಳೆ ಒಂದು ಎಂಜಿನ್ ಕೈಕೊಟ್ಟರೂ ಇನ್ನೊಂದರಿಂದಲೇ ಮೇಲೇರುವಂತೆ ಪ್ರಯಾಣಿಕ ವಿಮಾನ ಇರಬೇಕೆಂಬುದು ನಿಯಮ. ಪೈಲಟ್‌ಗಳು ಇದನ್ನು ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ.

ಎರಡೂ ನಿಂತರೆ? ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ಎಂಜಿನ್ ಕೊಡುವುದು ವೇಗ. ಹೊಳೆಆಲೂರಿನ ಮೇಲೆ 35,000 ಅಡಿ ಎತ್ತರದಲ್ಲಿ ಎರಡೂ ನಿಂತವು ಎಂದುಕೊಳ್ಳಿ. ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ನಿಧಾನವಾಗಿ ಇಳಿಯುತ್ತ ನೂರು ಕಿ.ಮೀ.ಗೂ ಹೆಚ್ಚು ದೂರ ತೇಲಬಲ್ಲದು. ಹುಬ್ಬಳ್ಳಿ ವಿಮಾನ ನಿಲ್ದಾಣ ಅದಕ್ಕಿಂತ ಹತ್ತಿರದಲ್ಲಿದೆ.

ಆದರೆ ಎತ್ತರ ಬೇಕು. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಟೇಕಾಫ್ ಆದ ಕೂಡಲೇ ಎರಡೂ ಎಂಜಿನ್‌ಗಳಿಗೆ ಇಂಧನ ನಿಂತಾಗ ಆ ಎತ್ತರವಿರಲಿಲ್ಲ. 260 ಮಂದಿ ಪ್ರಾಣ ಕಳೆದುಕೊಂಡರು. ಹಾಗಾಗಿ ಅಪಾಯವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಅದು ತೀರಾ ಅಪರೂಪ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಲೆಕ್ಕದಂತೆ, 2024ರ ಸುಮಾರು 4 ಕೋಟಿ ಹಾರಾಟಗಳಲ್ಲಿ ಪ್ರಾಣಹಾನಿಯಾದ ಅಪಘಾತಗಳು 7.

ನಿಮ್ಮ ಕೈಯಲ್ಲಿರುವುದು ಇಷ್ಟು: ತುರ್ತಾಗಿ ಇಳಿಯಬೇಕಾದರೆ ಬ್ಯಾಗ್ ಬಿಟ್ಟು ಇಳಿಯಿರಿ, ವಿಡಿಯೊ ಮಾಡುತ್ತ ನಿಲ್ಲಬೇಡಿ. ಆ ಫಾರ್ವರ್ಡ್ ಮತ್ತೆ ಬಂದರೆ ಮುಂದೆ ಕಳಿಸಬೇಡಿ.