ನೂರು ಪ್ರಶ್ನೆಗಳು, ಒಂದು ಮತ

2024ರ ಅಕ್ಟೋಬರ್ ತಿಂಗಳ ಒಂದು ಸಂಜೆ. ಸಿಯಾಟಲ್ ನಗರದ ಪೂರ್ವಕ್ಕಿರುವ ಸಮ್ಮಾಮಿಷ್‌ನಲ್ಲಿ, ನಮ್ಮ ಅಡುಗೆಮನೆಯ ಮೇಜಿನ ಮೇಲೆ ಮೂರು ಲಕೋಟೆಗಳಿದ್ದವು. ವಾಷಿಂಗ್ಟನ್ ರಾಜ್ಯದಲ್ಲಿ ಮತಪತ್ರವು ಅಂಚೆಯಲ್ಲಿ ಮನೆಗೇ ಬರುತ್ತದೆ. ಗುರುತು ಹಾಕಿ, ಲಕೋಟೆಯ ಮೇಲೆ ಸಹಿ ಮಾಡಿ ಹಿಂದಿರುಗಿಸಿದರಾಯಿತು. ಯಜಮಾನರಿಗೊಂದು, ಮಗನಿಗೊಂದು, ಮಗಳಿಗೊಂದು. ಮೂವರೂ ಮತದಾರರ ಕೈಪಿಡಿಯನ್ನು ಹರಡಿಕೊಂಡು ಚರ್ಚಿಸುತ್ತಿದ್ದರು. ನಾನು ಕಾಫಿ ಬೆರೆಸಿಕೊಡುತ್ತಿದ್ದೆ. ಮಗಳು ತಲೆಯೆತ್ತಿ, "ಅಮ್ಮಾ, ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಪೇಪರ್ ಓದುವವಳು ನೀನು. ನಿನಗೇ ಓಟಿಲ್ಲವಲ್ಲ!" ಎಂದಳು.

ಮಾತು ಹಾಸ್ಯಕ್ಕೆ ಆಡಿದ್ದು. ಆದರೂ ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮತಕ್ಕೂ ನನಗೂ ಹಳೆಯ ನಂಟು. ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಾಗ, 1989ರ ಮಾರ್ಚ್ ತಿಂಗಳಲ್ಲಿ ಸಂವಿಧಾನದ 61ನೆಯ ತಿದ್ದುಪಡಿ ಜಾರಿಗೆ ಬಂದು, ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ನನಗಾಗ ಇಪ್ಪತ್ತು ವರ್ಷ. ಆ ನವೆಂಬರಿನಲ್ಲಿ ಲೋಕಸಭೆಗೂ ನಮ್ಮ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆದಾಗ, ಅಮ್ಮನ ಹಿಂದೆ ಸಾಲಿನಲ್ಲಿ ನಿಂತು ನಾನೂ ಮತ ಹಾಕಿದೆ. ಬೆರಳಿಗೆ ಹಚ್ಚಿದ ಶಾಯಿ ನಮ್ಮೂರಿನದೇ. 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಆ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿರುವುದು ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ. ವಾರವಿಡೀ ಆ ಬೆರಳನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡೇ ಓಡಾಡಿದೆನೆಂದು ಅಣ್ಣ ಇಂದಿಗೂ ನಗುತ್ತಾನೆ.

ಪದವಿ ಮುಗಿದ ಮೇಲೆ ಎರಡು ವರ್ಷ ರಾಜ್ಯ ಸೇವೆಯ ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದೆ. ಬೆಳಗಿನ ರೇಡಿಯೋ ವಾರ್ತೆ, ಗ್ರಂಥಾಲಯದ ಪತ್ರಿಕೆಗಳು, ಗೆಳತಿಯರಿಂದ ಎರವಲು ತಂದ 'ಕಾಂಪಿಟಿಷನ್ ಸಕ್ಸೆಸ್ ರಿವ್ಯೂ' – ಇವೇ ನನ್ನ ಗುರುಗಳು. ಇನ್ನೂರು ಪುಟದ ನೋಟ್‌ಪುಸ್ತಕದಲ್ಲಿ ವಿಧಿಗಳ ಸಂಖ್ಯೆ, ಆಯೋಗಗಳ ಅಧ್ಯಕ್ಷರು, ಒಪ್ಪಂದಗಳ ಇಸವಿ ಬರೆದುಕೊಂಡು, ದೋಸೆಗೆ ಅಕ್ಕಿ ರುಬ್ಬುವಾಗಲೂ ಬಾಯಿಪಾಠ ಮಾಡುತ್ತಿದ್ದೆ. 356ನೆಯ ವಿಧಿ ಎಂದರೆ ರಾಷ್ಟ್ರಪತಿ ಆಳ್ವಿಕೆ ಎಂದು ಥಟ್ಟನೆ ಹೇಳುತ್ತಿದ್ದೆ. ಅದೇ ವಿಧಿಯನ್ನು ಬಳಸಿ 1989ರ ಏಪ್ರಿಲ್ 21ರಂದು, ವಿಧಾನಸಭೆಯಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ, ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದ್ದರು. ಅದು ನನ್ನ ಪುಸ್ತಕದಲ್ಲಿ ಒಂದು ಸಾಲಿನ 'ಪ್ರಚಲಿತ ವಿದ್ಯಮಾನ'ವಾಗಿತ್ತು. ಅದು ಸರಿಯೇ ಎಂದು ನಾನು ಯೋಚಿಸಲಿಲ್ಲ, ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ.

ಪರೀಕ್ಷೆಯಲ್ಲಿ ನಾನು ತೇರ್ಗಡೆಯಾಗಲಿಲ್ಲ. ಮದುವೆಯಾಯಿತು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬೊಮ್ಮಾಯಿ ಪ್ರಕರಣದಲ್ಲಿ, ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲೇ ಹೊರತು ರಾಜ್ಯಪಾಲರ ಮನಸ್ಸಿನಲ್ಲಲ್ಲ ಎಂಬರ್ಥದ ತೀರ್ಪು ನೀಡಿದಾಗ, ನನ್ನ ನೋಟ್‌ಪುಸ್ತಕ ಅಟ್ಟ ಸೇರಿತ್ತು.

1997ರಲ್ಲಿ ಇಲ್ಲಿಗೆ ಬಂದೆವು. 2003ರಲ್ಲಿ ಗ್ರೀನ್ ಕಾರ್ಡ್ ದೊರೆಯಿತು. ಕಾಲಕ್ರಮದಲ್ಲಿ ಯಜಮಾನರು ಅಮೆರಿಕದ ಪೌರರಾದರು; ನಾನು ಆಗಲಿಲ್ಲ. ಭಾರತದ ಕಾನೂನು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. 2005ರಲ್ಲಿ ಬಂದ ಸಾಗರೋತ್ತರ ಪೌರ ಕಾರ್ಡು ಹೋಗಿಬರುವುದಕ್ಕೆ ಅನುಕೂಲವೇ. ಆದರೆ ಅದರಲ್ಲಿ ಮತದ ಹಕ್ಕಿಲ್ಲ. ಮೈಸೂರಿನ ಮತವನ್ನು ಬಿಟ್ಟುಕೊಡಲಾರೆ ಎಂಬುದು ನನ್ನ ಹಟ. ಅನಿವಾಸಿ ಭಾರತೀಯರಿಗೆ 2011ರಿಂದ ಮತದಾನದ ಅವಕಾಶವಾಗಿದ್ದರೂ ಸ್ವತಃ ಊರಿನ ಮತಗಟ್ಟೆಗೆ ಹೋಗಬೇಕು. ನಾನು ಒಮ್ಮೆಯೂ ಹೋಗಲಿಲ್ಲ. ಹೀಗೆ, ಮತದ ಮೇಲಿನ ಪ್ರೀತಿಯಿಂದಲೇ, ಅಲ್ಲಿಯೂ ಇಲ್ಲಿಯೂ ಮತವಿಲ್ಲದವಳಾಗಿ ಇಪ್ಪತ್ತೇಳು ವರ್ಷ ಕಳೆದಿದ್ದೆ. ಮಗಳ ಮಾತು ಚುಚ್ಚಿದ್ದು ಅದಕ್ಕೇ. ನವೆಂಬರಿನಲ್ಲಿ ಪೌರತ್ವಕ್ಕೆ ಅರ್ಜಿ ಹಾಕಿದೆ.

ಮತ್ತೆ ಪರೀಕ್ಷೆ! ಐವತ್ತೈದರ ವಯಸ್ಸಿನಲ್ಲಿ ಮತ್ತೆ ರಾಜಕೀಯಶಾಸ್ತ್ರ! ಆಗಿನ ನಿಯಮದಂತೆ ಅಮೆರಿಕದ ಸರ್ಕಾರ ಮತ್ತು ಇತಿಹಾಸವನ್ನು ಕುರಿತ ನೂರು ಪ್ರಶ್ನೆಗಳ ಪಟ್ಟಿಯನ್ನು ಉತ್ತರಗಳೊಡನೆ ಮೊದಲೇ ಕೊಡುತ್ತಿದ್ದರು. ಅಧಿಕಾರಿಯು ಹತ್ತನ್ನು ಕೇಳುತ್ತಾರೆ. ಆರಕ್ಕೆ ಸರಿಯುತ್ತರ ಬಂದರೆ ಸಾಕು. ವಾರದಲ್ಲಿ ಬಾಯಿಪಾಠ ಮಾಡಬಹುದಾದ ಪಾಠ. ಹಳೆಯ ಅಭ್ಯಾಸದಂತೆ ಹೊಸ ನೋಟ್‌ಪುಸ್ತಕ ತೆಗೆದು ಆರಂಭಿಸಿಯೂಬಿಟ್ಟೆ.

ನನ್ನನ್ನು ತಡೆದವಳು ಅಣ್ಣನ ಮಗಳು. ಆಕೆ ಬೆಂಗಳೂರಿನ ವಿಜಯನಗರದಲ್ಲಿ ಕೊಠಡಿ ಹಿಡಿದು ಕೇಂದ್ರ ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದಾಳೆ. ಹತ್ತು ಲಕ್ಷದಷ್ಟು ಅರ್ಜಿಗಳು, ಸುಮಾರು ಸಾವಿರ ಹುದ್ದೆಗಳು, ಅಂಥ ಪರೀಕ್ಷೆ. ನನಗೆ ರಾತ್ರಿ ಏಳೂವರೆ ಆದಾಗ ಅವಳಿಗೆ ಮರುದಿನದ ಬೆಳಗಿನ ಒಂಬತ್ತು. "ಅತ್ತೆ, ಮುಖ್ಯ ಪರೀಕ್ಷೆಯ ಎರಡನೆಯ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ ನಮ್ಮ ಸಂವಿಧಾನವನ್ನು ಬೇರೆ ದೇಶಗಳದರೊಡನೆ ಹೋಲಿಸುವ ಭಾಗವಿದೆ. ನೀವು ಅಲ್ಲಿಯದನ್ನು ಹೇಳಿ, ನಾನು ಇಲ್ಲಿಯದನ್ನು ಹೇಳುತ್ತೇನೆ. ಆದರೆ ಬರೀ ಉತ್ತರ ಬೇಡ, ಏಕೆ ಹಾಗಾಯಿತು ಎಂದು ಹೇಳಬೇಕು" ಎಂದು ಕರಾರು ಹಾಕಿದಳು.

ಆ ಕರಾರಿನಿಂದ ನಮ್ಮ ದೂರವಾಣಿಯ ಪಾಠಶಾಲೆ ನಡೆಯಿತು. ಎರಡೂ ಸಂವಿಧಾನಗಳು ಜನರ ಹೆಸರಿನಲ್ಲೇ ಮಾತು ತೊಡಗುತ್ತವೆ ಎಂಬಲ್ಲಿಂದ ಆರಂಭಿಸಿದೆವು. 'ಕಾನೂನಿನ ಯುಕ್ತ ಕ್ರಮ'ವಿಲ್ಲದೆ ಯಾರ ಜೀವ, ಸ್ವಾತಂತ್ರ್ಯಗಳನ್ನೂ ಕಸಿಯಬಾರದು ಎನ್ನುತ್ತದೆ ಅಮೆರಿಕದ ಸಂವಿಧಾನ. ನಮ್ಮ 21ನೆಯ ವಿಧಿಯಲ್ಲಿ ಮಾತು ಬೇರೆ: 'ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ'. ಏಕೆ? ಸಂವಿಧಾನ ರಚನಾಸಭೆಯ ಸಲಹೆಗಾರರಾಗಿದ್ದ, ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾಯರು ಅಮೆರಿಕಕ್ಕೆ ಬಂದು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡಿದ್ದರು. ಚುನಾಯಿತ ಶಾಸನಸಭೆಯ ಕಾನೂನುಗಳನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವಂತಾಗುವುದು ಪ್ರಜಾಸತ್ತೆಗೆ ಒಪ್ಪದು ಎಂಬುದು ಫ್ರಾಂಕ್‌ಫರ್ಟರರ ಎಚ್ಚರಿಕೆಯಾಗಿತ್ತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ನಮ್ಮ ನ್ಯಾಯಾಲಯವು ಆ ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕೆಂದಿತು. ಎರಡು ವರ್ಷ ಬಾಯಿಪಾಠ ಮಾಡಿದ್ದ 21ನೆಯ ವಿಧಿಯ ಹಿಂದೆ ಇಷ್ಟು ಕಥೆಯಿತ್ತೆಂಬುದು ನನಗೆ ತಿಳಿದದ್ದು ಸಮ್ಮಾಮಿಷ್‌ನ ಅಡುಗೆಮನೆಯಲ್ಲಿ.

ನನ್ನ ಸರದಿ ಬಂದಾಗ ನಾನೂ ಹುಡುಕಿ ಹೇಳಬೇಕಾಯಿತು. ಪೌರತ್ವದ ಪಟ್ಟಿಯಲ್ಲಿ ಇಲ್ಲದ, ನಮ್ಮ ಸುತ್ತಮುತ್ತಲೇ ನಡೆದ ಸಂಗತಿಗಳು ಹಾಗೆ ನನಗೆ ಸಿಕ್ಕಿದವು. 1907ರ ಸೆಪ್ಟೆಂಬರ್ 4ರಂದು ಇಲ್ಲಿಂದ ಉತ್ತರಕ್ಕಿರುವ ಬೆಲಿಂಗ್‌ಹ್ಯಾಮ್‌ನಲ್ಲಿ, ಮರದ ಗಿರಣಿಗಳಲ್ಲಿ ದುಡಿಯುತ್ತಿದ್ದ ಭಾರತೀಯರನ್ನು, ಹೆಚ್ಚಿನವರು ಸಿಖ್ಖರು, ಜನರ ಗುಂಪೊಂದು ಹೊಡೆದು ಊರಿನಿಂದ ಓಡಿಸಿತು. 1918ರ ಡಿಸೆಂಬರಿನಲ್ಲಿ ಟಕೋಮಾ ಬಳಿಯ ಕ್ಯಾಂಪ್ ಲೂಯಿಸ್‌ನಲ್ಲಿ, ಅಮೆರಿಕದ ಸೈನಿಕನ ಸಮವಸ್ತ್ರದಲ್ಲೇ ನಿಂತು ಪೌರತ್ವ ಪಡೆದ ಭಗತ್ ಸಿಂಗ್ ಥಿಂದ್ ಕೆಲವೇ ದಿನಗಳಲ್ಲಿ ಅದನ್ನು ಕಳೆದುಕೊಂಡರು. ಮುಂದೆ ಒರೆಗಾನ್‌ನಲ್ಲಿ ಮತ್ತೆ ದೊರೆತ ಪೌರತ್ವದ ವಿವಾದ ಮೇಲಿನವರೆಗೆ ಹೋಗಿ, 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯನು 'ಬಿಳಿಯ'ನಲ್ಲವಾದ್ದರಿಂದ ಪೌರನಾಗಲು ಅರ್ಹನಲ್ಲ ಎಂದು ತೀರ್ಮಾನಿಸಿತು. ಆ ಬಾಗಿಲು ನಮಗೆ ತೆರೆದದ್ದು 1946ರ ಲೂಸ್–ಸೆಲ್ಲರ್ ಕಾಯಿದೆಯಿಂದ. ಇದನ್ನು ಓದಿದ ಮೇಲೆ, ಇಷ್ಟು ವರ್ಷ ಮೇಜಿನ ಖಾನೆಯಲ್ಲಿ ಉದಾಸೀನದಿಂದ ಇಟ್ಟಿದ್ದ ಅರ್ಜಿಯ ಬೆಲೆ ನನಗೆ ತಿಳಿಯಿತು.

ಈ ನಡುವೆ ನನಗೊಬ್ಬ ಶಿಷ್ಯೆಯೂ ದೊರೆತರು. ಎಪ್ಪತ್ತು ದಾಟಿದ, ಹಾಸನದ ಕಡೆಯ ತಾಯಿ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಗನೊಡನೆ ಇಲ್ಲಿ ನೆಲೆಸಿದವರು. ಇಂಗ್ಲಿಷ್ ಬಾರದೆಂಬ ಅಂಜಿಕೆಯಿಂದ ಪೌರತ್ವದ ಮಾತನ್ನೇ ಎತ್ತಿರಲಿಲ್ಲ. ಅರ್ಜಿ ಹಾಕುವಾಗ 50 ವರ್ಷ ತುಂಬಿ 20 ವರ್ಷ ಗ್ರೀನ್ ಕಾರ್ಡ್ ಹೊಂದಿದವರು, ಅಥವಾ 55 ತುಂಬಿ 15 ವರ್ಷ ಹೊಂದಿದವರು, ದುಭಾಷಿಯನ್ನು ಕರೆದೊಯ್ದು ತಮ್ಮ ಭಾಷೆಯಲ್ಲೇ ಉತ್ತರಿಸಬಹುದು. 65 ತುಂಬಿ 20 ವರ್ಷವಾದವರಿಗಂತೂ ಓದಬೇಕಾದದ್ದು ಇಪ್ಪತ್ತೇ ಪ್ರಶ್ನೆಗಳು. ಈ ಸೌಲಭ್ಯ ನಮ್ಮ ಎಷ್ಟೋ ಹಿರಿಯರಿಗೆ ತಿಳಿದೇ ಇಲ್ಲ. ಪ್ರಶ್ನೆಗಳನ್ನೆಲ್ಲ ಕನ್ನಡದಲ್ಲಿ ಬರೆದುಕೊಟ್ಟೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಮೂರು ಭಾಗ ಏಕೆಂದು ವಿವರಿಸಲು ತಡವರಿಸುತ್ತಿದ್ದಾಗ ಆ ತಾಯಿಯೇ, "ಅಳೆಯೋನ ಕೈಗೇ ಕಣಜದ ಬೀಗದ ಕೈ ಕೊಡಬಾರದು ಅಂತ ತಾನೇ ಕಣಮ್ಮಾ?" ಎಂದರು. ನನ್ನ ಬಿ.ಎ. ಪುಸ್ತಕಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಕಂಡಿರಲಿಲ್ಲ.

ಇದನ್ನು ಅಣ್ಣನ ಮಗಳಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳ ಮುಖ್ಯ ಪರೀಕ್ಷೆಯಲ್ಲಿ ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು. ಪ್ರಶ್ನೆ ಬರುವುದು ಮಾತ್ರ ಹಿಂದಿ, ಇಂಗ್ಲಿಷ್‌ಗಳಲ್ಲಿ. ಕರ್ನಾಟಕದ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಂತೂ 2024ರ ಆಗಸ್ಟ್ 27ರಂದು ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಯಬೇಕಾಯಿತೆಂಬುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. "ಸಿಯಾಟಲ್‌ನಲ್ಲಿ ಕನ್ನಡದಲ್ಲಿ ಉತ್ತರ ಹೇಳಬಹುದು ಅತ್ತೆ, ಇಲ್ಲಿ ಕನ್ನಡದಲ್ಲಿ ಪ್ರಶ್ನೆ ಸಿಗುವುದೇ ಕಷ್ಟ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

2025ರ ಮೇ ತಿಂಗಳಲ್ಲಿ ಟುಕ್ವಿಲಾದಲ್ಲಿರುವ ವಲಸೆ ಕಚೇರಿಯಲ್ಲಿ ನನ್ನ ಸಂದರ್ಶನ ನಡೆಯಿತು. ಕನ್ನಡದಲ್ಲಿ ಉತ್ತರಿಸುವ ಅರ್ಹತೆ ನನಗೂ ಇತ್ತು; ಇಂಗ್ಲಿಷ್ ಬಲ್ಲೆನಾದ್ದರಿಂದ ದುಭಾಷಿಯನ್ನು ಒಯ್ಯಲಿಲ್ಲ. ಕೇಳಿದ ಪ್ರಶ್ನೆಗಳಲ್ಲಿ ಒಂದು: ಸೂಸನ್ ಬಿ. ಆಂತೊನಿ ಏನು ಮಾಡಿದರು? 'ಸ್ತ್ರೀಯರ ಹಕ್ಕಿಗಾಗಿ ಹೋರಾಡಿದರು' ಎಂದರೆ ಸಾಕು, ಅಷ್ಟೇ ಹೇಳಿದೆ. ಆದರೆ ಆಕೆ 1871ರಲ್ಲಿ ಇಲ್ಲಿಯ ಒಲಂಪಿಯಾಕ್ಕೆ ಬಂದು ಶಾಸನಸಭೆಯನ್ನು ಉದ್ದೇಶಿಸಿ ಮಾತನಾಡಿದ್ದು, ಈ ರಾಜ್ಯದ ಹೆಂಗಸರಿಗೆ 1910ರಲ್ಲೇ, ದೇಶಕ್ಕಿಂತ ಹತ್ತು ವರ್ಷ ಮೊದಲು, ಮತ ದೊರೆತದ್ದು ಎಲ್ಲ ನನ್ನ ಕಣ್ಣ ಮುಂದೆ ಸುಳಿಯಿತು. ಆರು ಸರಿಯುತ್ತರಗಳಾದೊಡನೆ ಅಧಿಕಾರಿ ನಿಲ್ಲಿಸಿದರು. ಬರವಣಿಗೆಯ ಪರೀಕ್ಷೆಗೆಂದು ಅವರು ಹೇಳಿ ಬರೆಯಿಸಿದ ವಾಕ್ಯ, ಪೌರರು ಮತ ಹಾಕಬಹುದು ಎಂಬರ್ಥದ್ದು. ಬರೆಯುವಾಗ ನನ್ನ ಕೈ ನಡುಗಿತು.

ಜೂನ್ ತಿಂಗಳಲ್ಲಿ ಪ್ರಮಾಣವಚನ. ಹಿಂದಿನ ದೇಶದ ನಿಷ್ಠೆಯನ್ನು ಸಂಪೂರ್ಣವಾಗಿ ತೊರೆಯುತ್ತೇನೆಂಬ ಮಾತು ಬಂದಾಗ ಗಂಟಲು ಕಟ್ಟಿತೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಬಳಿಕ ಪಾಸ್‌ಪೋರ್ಟನ್ನು ಒಪ್ಪಿಸಿ ರದ್ದುಪಡಿಸಿಕೊಂಡೆ. ಅಂದು ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಯಜಮಾನರೇ ಅನ್ನ, ಸಾರು ಮಾಡಿ ಬಡಿಸಿದರು.

ಅಣ್ಣನ ಮಗಳು ಆ ವರ್ಷದ ಪೂರ್ವಭಾವಿ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ತಪ್ಪಿಸಿಕೊಂಡಳು. "ನೀವು ಒಂದೇ ಸಲಕ್ಕೆ ಪಾಸು, ನಾನು ಫೇಲು" ಎಂದು ನಕ್ಕಳು. ಓದು ಮುಂದುವರಿಸಿದ್ದಾಳೆ; ನಮ್ಮ ದೂರವಾಣಿಯ ಪಾಠವೂ ನಿಂತಿಲ್ಲ. ನನ್ನ ಹಳೆಯ ನೋಟ್‌ಪುಸ್ತಕವನ್ನು ಅಟ್ಟದಿಂದ ಇಳಿಸಿ, 356ರ ಎದುರು ಬೊಮ್ಮಾಯಿ ತೀರ್ಪನ್ನು ತನ್ನ ಕೈಯಲ್ಲಿ ಬರೆದಿದ್ದಾಳಂತೆ.

ಈ ಸಂಚಿಕೆಯನ್ನು ಓದುತ್ತಿರುವ, ಇನ್ನೂ ಅರ್ಜಿ ಹಾಕದ ಸೋದರ ಸೋದರಿಯರಿಗೆ ಒಂದು ಮಾತು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕುವವರಿಗೆ ಪಟ್ಟಿಯಲ್ಲಿ 128 ಪ್ರಶ್ನೆಗಳಿದ್ದು, ಕೇಳುವ ಇಪ್ಪತ್ತರಲ್ಲಿ ಹನ್ನೆರಡಕ್ಕೆ ಸರಿಯುತ್ತರ ಬೇಕೆಂಬ ನಿಯಮ ಬಂದಿದೆ. ಅಂಜಬೇಡಿ. ಮನೆಯ ಹಿರಿಯರನ್ನೂ ಕಿರಿಯರನ್ನೂ ಕೂಡಿಸಿಕೊಂಡು ಕನ್ನಡದಲ್ಲೇ ಓದಿ. ಪ್ರತಿ ಉತ್ತರಕ್ಕೂ 'ಏಕೆ' ಎಂದು ಕೇಳಿ.

2025ರ ನವೆಂಬರಿನ ಸ್ಥಳೀಯ ಚುನಾವಣೆಗೆ ನಮ್ಮ ಮೇಜಿನ ಮೇಲೆ ನಾಲ್ಕು ಲಕೋಟೆಗಳಿದ್ದವು. ಶಾಲಾ ಮಂಡಳಿಯ ಅಭ್ಯರ್ಥಿಗಳ ಹೇಳಿಕೆಗಳನ್ನು ಎರಡೆರಡು ಬಾರಿ ಓದಿ ಗುರುತು ಹಾಕಿದೆ. ಕಾಫಿಯನ್ನು ಅಂದು ಮಗ ಬೆರೆಸಿದ. ಗ್ರಂಥಾಲಯದ ಬಳಿಯ ಮತಪೆಟ್ಟಿಗೆಗೆ ಲಕೋಟೆ ಹಾಕಿ ಹಿಂದಿರುಗುವಾಗ, ಅಭ್ಯಾಸಬಲದಿಂದ ಎಡಗೈಯ ತೋರುಬೆರಳನ್ನು ನೋಡಿಕೊಂಡೆ. ಅಲ್ಲಿ ಶಾಯಿ ಇರಲಿಲ್ಲ.